ಹಲ್ಲಿನ ಡಾಕ್ಟರರೂ ಬೀಗರೂ

ಬಂದರಿನ ಹಿಂದಿನ ಓಣಿಯಲ್ಲಿ ಅವರನ್ನು ಹಲ್ಲಿನ ಡಾಕ್ಟರರೆಂದೇ ಕರೆಯುತ್ತಿದ್ದರು. ಬಾಯಿಯ ಹಲ್ಲಲ್ಲ, ಜಿಪ್ಪಿನ ಹಲ್ಲು. ಕಡಲಿಗೆ ಇಳಿಯುವವರ ಚೀಲದ ಜಿಪ್ಪನ್ನು ಉಪ್ಪು ತಿಂದು, ಹಸಿರು ಕಿಲುಬು ಹತ್ತಿ, ರನ್ನರ್ ಇದ್ದಲ್ಲೇ ಕಲ್ಲಾಗಿ ಕೂತಿತೆಂದರೆ ಓಡಿಬರುತ್ತಿದ್ದದ್ದು ಅವರಲ್ಲಿಗೇ. ಅಂಗಡಿಯೆಂದರೆ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಜಾಗ. ವಿನೆಗರ್, ಒದ್ದೆ ಕ್ಯಾನ್ವಾಸ್, ಮೇಣದಬತ್ತಿ ಎಲ್ಲ ಕಲೆತ ವಾಸನೆ. ಈಗ ಅಲ್ಲಿ ಮೊಬೈಲ್ ಕವರುಗಳು ತೂಗುತ್ತವೆ. ಹಾದುಹೋಗುವಾಗ ಮೂಗು ಮಾತ್ರ ಇನ್ನೂ ಆ ವಾಸನೆಯನ್ನೇ ಹುಡುಕುತ್ತದೆ.

ಅವರೆದುರಿನ ಸ್ಟೂಲಿನಲ್ಲಿ ವರ್ಷಗಟ್ಟಲೆ ಕೂತವನು ಒಬ್ಬನೇ, ಹಡಗಿನ ತಳ ಕೆರೆಯುವ ಡೈವರ್. ಹೋಗೋ ಬಾರೋ ಎನ್ನುವ ಗೆಳೆತನ. ಡಾಕ್ಟರರ ಮಗಳು ಡೈವರನ ಮಗನನ್ನು ಒಪ್ಪಿದಾಗ ಓಣಿಯೇ ಹಿಗ್ಗಿತು. ಮದುವೆಯ ಊಟಕ್ಕೆ ಕೂತಾಗ ಡಾಕ್ಟರರು ತಡೆಯಲಾರದೆ ಅಂದುಬಿಟ್ಟರು: "ನಮ್ಮ ಬೀಗರು ನೀರೊಳಗೆ ಬಾಯಿ ಮುಚ್ಕೊಂಡಿರಬೇಕಲ್ಲ, ಆ ಬಾಕಿಯೆಲ್ಲ ದಡದ ಮೇಲೆ ತೀರಿಸ್ತಾರೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು, ಡೈವರನ ಅಕ್ಕಂದಿರು ಇನ್ನೂ ಜೋರಾಗಿ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಗೆಳೆಯರು ಬೀಗರಾದರು, ಬೀಗರಾದ ದಿನವೇ ಬಾಯಿಗೆ ಬೀಗ ಬಿತ್ತು.

ಸ್ಟೂಲು ಖಾಲಿಯಾಯಿತು. ಡಾಕ್ಟರರು ಎರಡು ಚಹಾ ಹೇಳಿ, ನಾಲಿಗೆ ಕಚ್ಚಿಕೊಂಡು ಒಂದನ್ನು ವಾಪಸು ಕಳಿಸುತ್ತಿದ್ದರು.

"ಹೋಗಿ ಒಂದ್ಮಾತು ಆಡಿಬಿಡಿ, ನಿಮ್ಮ ಗಂಟೇನು ಹೋಗುತ್ತೆ?" ಎಂದು ಹೆಂಡತಿ ತಿವಿಯುತ್ತಿದ್ದಳು.

"ಆಡಿದ್ದಕ್ಕೇ ಅಲ್ವೇನೇ ಇಷ್ಟೆಲ್ಲ ಆಗಿದ್ದು?"

ಮಾತಿನಿಂದ ಕಳೆದುಕೊಂಡವನನ್ನು ಮಾತಿನಿಂದಲೇ ಕರೆಯುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ಒಂದು ಬೆಳಗ್ಗೆ ಡೈವರನೇ ಬಂದು ಚೀಲವನ್ನು ಮೇಜಿನ ಮೇಲೆ ಕುಕ್ಕಿದ. ನೀರಿಗಿಳಿಯುವ ಉಡುಪು, ಕನ್ನಡಕ ಎಲ್ಲ ಅದರೊಳಗೆ. ಅತ್ತ ಹಡಗು ಕಾಯುತ್ತಿತ್ತು. ಎಳೆದೆಳೆದು ರನ್ನರಿನ ಹಿಡಿಯನ್ನೂ ಕಿತ್ತಿದ್ದ.

"ಆಗದಿದ್ರೆ ಹೇಳಿ. ಕೊಯ್ದು ತೆಗೀತೀನಿ."

ಆ 'ಹೇಳಿ' ಡಾಕ್ಟರರಿಗೆ ಮುಳ್ಳಿನಂತೆ ಚುಚ್ಚಿತು. "ನೆಗಡಿ ಆಯ್ತು ಅಂತ ಯಾರಾದ್ರೂ ಮೂಗು ಕೊಯ್ಕೊಳ್ತಾರಾ? ಕೂತ್ಕೊಳ್ಳಿ, ಬೀಗರೇ."

"ನಿಂತೇ ಇರ್ತೀನಿ."

ಜಿಪ್ಪಿಗೆ ಬಿಸಿನೀರಿನ ಬಟ್ಟೆ ಹೊದಿಸಿದರು. ಉಪ್ಪು ಕರಗುವ ತನಕ ಅವಸರ ಮಾಡುವಂತಿಲ್ಲ. ಆಮೇಲೆ ಹಳೆಯ ಟೂತ್‌ಬ್ರಷ್ಷನ್ನು ವಿನೆಗರಿನಲ್ಲಿ ಅದ್ದಿ ಒಂದೊಂದೇ ಹಲ್ಲು ಉಜ್ಜಿ ತೊಳೆದರು. ಡೈವರ್ ತಾಳ್ಮೆಗೆಟ್ಟ.

"ಒಂದು ತೊಟ್ಟು ಎಣ್ಣೆ ಬಿಡ್ಬಾರದಾ?"

"ಬಿಟ್ರೆ ಇವತ್ತು ಓಡುತ್ತೆ. ನಾಳೆ ಮರಳೆಲ್ಲ ಅಂಟ್ಕೊಂಡು ಮತ್ತೆ ಕೂರುತ್ತೆ."

"ಎಲ್ಲದಕ್ಕೂ ಒಂದು ಉತ್ತರ ಇಟ್ಕೊಂಡಿರ್ತೀರಿ."

ಡಾಕ್ಟರರ ನಾಲಿಗೆಯ ತುದಿಗೆ ಒಳ್ಳೆಯ ಮರುಮಾತೊಂದು ಬಂದಿತ್ತು. ನುಂಗಿಕೊಂಡರು. ಬದುಕಿನಲ್ಲಿ ಅವರು ನುಂಗಿದ ತಮಾಷೆ ಅದೊಂದೇ ಇರಬೇಕು. ಹಲ್ಲಿನ ಸಾಲಿಗೆ ಮೇಣ ತಿಕ್ಕಿ, ಇಕ್ಕಳದಲ್ಲಿ ರನ್ನರನ್ನು ಹಿಡಿದು ಮೊದಲು ಚೂರೇ ಚೂರು ಹಿಂದಕ್ಕೆ ತಳ್ಳಿದರು. ಆಮೇಲೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಕೊನೆಗೆ ಗೊಣಗುತ್ತಾ ತೆರೆದುಕೊಂಡಿತು. ಕಿತ್ತ ಹಿಡಿಯ ಜಾಗಕ್ಕೆ ಗಟ್ಟಿ ದಾರದ ಕುಣಿಕೆ ಹಾಕುತ್ತಾ, ತಲೆ ಎತ್ತದೆ ಅಂದರು:

"ಅವತ್ತು ನಿಮ್ಮವರ ಮುಂದೆ ಹಾಗನ್ನಬಾರದಿತ್ತು ನಾನು."

ಡೈವರ್ ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದ. ಡಾಕ್ಟರರು ಬ್ರಷ್ಷನ್ನು ತೊಳೆದದ್ದೇ ತೊಳೆದದ್ದು. ಅಷ್ಟರಲ್ಲಿ ಅವನು ತಿರುಗಿ ಬಂದ.

"ಪಕ್ಕದ ಜೇಬಿಂದೂ ಹಿಡೀತಿದೆ."

ಡಾಕ್ಟರರು ಎಳೆದು ನೋಡಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿತು. ಹುಬ್ಬು ಗಂಟಿಕ್ಕಿ, ಬಗ್ಗಿ, ಅತ್ತಿತ್ತ ತಿರುಗಿಸಿ ನೋಡಿದರು.

"ಇದು ಹಳೇ ಕಾಯಿಲೆ ಕಣೋ. ಒಂದಿನಕ್ಕೆ ಆಗೋದಲ್ಲ."

"ನಾಳೆ ತರ್ಲಾ?"

"ತರ್ತಾನೇ ಇರ್ಬೇಕು."

ಡಾಕ್ಟರರು ಇರುವ ತನಕ ಆ ಜೇಬು ವಾಸಿಯಾಗಲಿಲ್ಲ.