ಒಂದೇ ಪೀಪಾಯಿಯ ಎಣ್ಣೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ಬೇರೆ ಯಾವ ಪಾಠಕ್ಕೂ ಬಾರದ ಸಿಟ್ಟು ಪೆಟ್ರೋಲಿಯಂ ಪಾಠಕ್ಕೆ ಬರುತ್ತಿತ್ತು. ಹಲಗೆಯ ಮೇಲೆ ಕಚ್ಚಾ ಎಣ್ಣೆ ಶುದ್ಧಿ ಮಾಡುವ ಆ ಎತ್ತರದ ಗೋಪುರ ಬರೆಯುವಾಗ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯುತ್ತಿತ್ತು. ಮಕ್ಕಳು ಹೆದರುತ್ತಿದ್ದರು. ಪಾಪ, ಅವರದೇನು ತಪ್ಪು? ಆ ಸಿಟ್ಟು ಐವತ್ತರ ದಶಕದ ಕೊನೆಯದು, ಸೊರಬದ್ದು, ನನ್ನ ಅವ್ವನ ಬಲಗೈಗೆ ಸಂಬಂಧಪಟ್ಟದ್ದು.

ಆಗ ನಾನು ಸೊರಬದಲ್ಲಿ ಹೈಸ್ಕೂಲು ಓದುತ್ತಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಮತ್ತು ನಾನು, ನಾಲ್ಕೇ ಜನ. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ದೀಪಾವಳಿ ಕಳೆದು ಒಂದು ವಾರವಾಗಿತ್ತು. ಮುಚ್ಚಂಜೆಯಲ್ಲಿ ಅವ್ವ ಅಡುಗೆಮನೆಯ ದೀಪಕ್ಕೆ ಸೀಮೆಎಣ್ಣೆ ಹಾಕಿ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಅದು ಸಿಡಿಯಿತು. ನಾನು ಬಾವಿಕಟ್ಟೆಯಲ್ಲಿದ್ದೆ. ಓಡಿಬಂದಾಗ ಅಜ್ಜಿ ಗೋಣಿಚೀಲ ಹಾಕಿ ಬೆಂಕಿ ಬಡಿಯುತ್ತಿದ್ದರು, ಅವ್ವ ಬಲಗೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಕಿರುಚಲೂ ಇಲ್ಲ.

ಮಾರನೆಯ ದಿನ ಸೋದರಮಾವ ಬಂದು ಅವಳನ್ನು ತವರಾದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಎರಡು ತಿಂಗಳು ಅಲ್ಲಿದ್ದು ವಾಪಸು ಬಂದಾಗ ಮೂರು ಬೆರಳು ಒಂದಕ್ಕೊಂದು ಅಂಟಿಹೋಗಿದ್ದವು. ಕೈ ಹೋದದ್ದು ಹೋಯಿತು. ಅದಕ್ಕಿಂತ ದೊಡ್ಡದು ಆ ಎರಡು ತಿಂಗಳಲ್ಲಿ ಊರಿನಲ್ಲಿ ನಡೆದಿತ್ತು.

ಅವ್ವ ಮೊದಲ ದಿನದಿಂದ ಹೇಳಿದ್ದು ಒಂದೇ ಮಾತು. "ದೀಪ ಆರಿತ್ತು. ಆರಿದ ದೀಪಕ್ಕೇ ಎಣ್ಣಿ ಹಾಕಿ ಹಚ್ಚೇನಿ." ಅಜ್ಜಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಉರಿಯೋ ದೀಪಕ್ಕೆ ಎಣ್ಣೆ ಹೊಯ್ದಿದಾಳೆ. ಇಲ್ದಿದ್ರೆ ದೀಪ ಸುಮ್ಸುಮ್ನೆ ಸಿಡೀತದಾ?" ಎಂದರು. ಅಪ್ಪನಿಗೂ ಅದೇ ಅನುಕೂಲವಾಯಿತು. ಬಸ್ ನಿಲ್ದಾಣದ ಬಳಿ ಸೀಮೆಎಣ್ಣೆ ಮಾರುತ್ತಿದ್ದ ಸಾಹುಕಾರರ ಅಂಗಡಿ ಜಗುಲಿಯಲ್ಲಿ ಅಪ್ಪ ದಿನಾ ಸಂಜೆ ಪೇಪರು ಓದುತ್ತಾ ಕೂರುತ್ತಿದ್ದರು. ಮೊದಲು ಹೇಳಿದ್ದೇ ಆ ಸಾಹುಕಾರರು. "ಹೆಂಗಸರ ಆತುರ ಗೊತ್ತಲ್ರೀ, ಉರಿಯೋದಕ್ಕೇ ಹೊಯ್ದುಬಿಡ್ತಾರೆ." ಅಪ್ಪ ಆ ಮಾತನ್ನು ಕಚೇರಿಯಲ್ಲಿ ಹೇಳಿದರು, ನಮ್ಮ ಬೀದಿಯ ಮನೆಮನೆಯ ಜಗುಲಿಯಲ್ಲಿ ಹೇಳಿದರು, ಆನವಟ್ಟಿ ಸಂತೆಯಲ್ಲಿ ಸಿಕ್ಕ ನೆಂಟರಿಗೂ ಹೇಳಿದರು. ಯಾರೂ ಕೇಳದೆ ಇದ್ದರೂ ಹೇಳಿದರು.

ಅವ್ವ ಬಂದ ಮೇಲೆ ಬೀದಿಯ ಹೆಂಗಸರು ನೋಡಲು ಬಂದರು. ಕೈ ನೋಡಿ ಲೊಚಗುಟ್ಟಿ, "ಸ್ವಲ್ಪ ನೋಡ್ಕಂಡು ಹಚ್ಚಬಾರದಾ ಮಾರಾಯ್ತಿ?" ಎಂದು ಬುದ್ಧಿ ಹೇಳಿ ಹೋದರು. ಅಜ್ಜಿ ಅವಳ ಕೈಗೆ ಕಡ್ಡಿಪೆಟ್ಟಿಗೆಯನ್ನೇ ಕೊಡಲಿಲ್ಲ, ಒಲೆ ಹಚ್ಚುವುದೂ ದೀಪ ಹಚ್ಚುವುದೂ ನನ್ನ ಕೆಲಸವಾಯಿತು. ಅದೇ ಅಂಗಡಿಯಿಂದ ಆಮೇಲೆ ತಂದ ಎಣ್ಣೆಯಲ್ಲಿ ನಾನು ಹಚ್ಚಿದ ದೀಪ ಸಿಡಿಯಲಿಲ್ಲ. ಸಾಕ್ಷಿ ಇನ್ನೇನು ಬೇಕು? ಹದಿನಾಲ್ಕು ವರ್ಷದ ಹುಡುಗಿ ಹಚ್ಚಿದ ದೀಪ ನೆಟ್ಟಗೆ ಉರಿಯುತ್ತದೆ, ಅವಳ ತಾಯಿ ಹಚ್ಚಿದ್ದು ಸಿಡಿಯುತ್ತದೆ. ಅವ್ವ ತನ್ನ ಮಾತು ಹೇಳುವುದನ್ನು ನಿಲ್ಲಿಸಿಬಿಟ್ಟಳು. ಬಂದವರು ಬುದ್ಧಿ ಹೇಳಿದರೆ "ಹೌದ್ರೀ, ನಂದೇ ತಪ್ಪು" ಅನ್ನತೊಡಗಿದಳು. ನಾನೂ ಅದನ್ನೇ ನಂಬಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಹೀಗಿರುವಾಗ ಶಿವರಾತ್ರಿಗೆ ಸ್ವಲ್ಪ ಮೊದಲು ಸ್ಕೂಲಿನಲ್ಲಿ ಪೆಟ್ರೋಲಿಯಂ ಪಾಠ ಬಂತು. ವಿಜ್ಞಾನದ ಮೇಷ್ಟ್ರು ಚಿಕ್ಕ ವಯಸ್ಸಿನವರು, ಮೈಸೂರು ಕಡೆಯವರು, ಚೆನ್ನಾಗಿ ಪಾಠ ಮಾಡುತ್ತಿದ್ದರು. ನೆಲದಡಿಯ ಬಂಡೆಗಳ ನಡುವೆ ಎಣ್ಣೆ ಹೇಗೆ ಸೇರಿಕೊಂಡಿರುತ್ತದೆ, ಅಸ್ಸಾಮಿನಲ್ಲಿ ಬಾವಿ ಕೊರೆದು ಅದನ್ನು ಹೇಗೆ ಎತ್ತುತ್ತಾರೆ, ಅರಬರ ದೇಶದಿಂದ ಹಡಗಿನಲ್ಲಿ ಮುಂಬಯಿಗೆ ಹೇಗೆ ಬರುತ್ತದೆ ಎಂದು ಹೇಳಿದರು. ಬಾವಿಯಿಂದ ಬಂದ ಕಚ್ಚಾ ಎಣ್ಣೆ ಕಪ್ಪಗೆ ಕೊಳಕಾಗಿರುತ್ತದೆ, ಹಾಗೇ ಯಾವುದಕ್ಕೂ ಬಾರದು. ಅದನ್ನು ಕಾಯಿಸಿ ಆವಿ ಮಾಡಿ ಎತ್ತರದ ಗೋಪುರದೊಳಕ್ಕೆ ಬಿಡುತ್ತಾರೆ. ಹಗುರವಾದದ್ದು ಮೇಲೇರುತ್ತದೆ, ಭಾರವಾದದ್ದು ಕೆಳಗೆ ಉಳಿಯುತ್ತದೆ. ಮೇಲಿನ ಅಂತಸ್ತಿನಲ್ಲಿ ಪೆಟ್ರೋಲು, ಅದರ ಕೆಳಗೆ ಸೀಮೆಎಣ್ಣೆ, ಅದರ ಕೆಳಗೆ ಡೀಸೆಲ್ಲು, ತಳದಲ್ಲಿ ರಸ್ತೆಗೆ ಹಾಕುವ ಡಾಂಬರು. "ಇಷ್ಟು ದೊಡ್ಡ ಕಾರ್ಖಾನೆ ಮಾಡೋ ಕೆಲಸ ಏನು ಅಂದ್ರೆ, ಒಂದರಿಂದ ಒಂದನ್ನ ಬೇರೆ ಮಾಡೋದು," ಎಂದರು. ಪೆಟ್ರೋಲಿನ ಆವಿಗೆ ದೂರದ ಕಿಡಿ ಸಾಕು, ಸೀಮೆಎಣ್ಣೆ ಹಾಗಲ್ಲ, ತಟ್ಟೆಯಲ್ಲಿ ಹಾಕಿ ಕಡ್ಡಿ ತೋರಿಸಿದರೂ ಥಟ್ಟನೆ ಹತ್ತುವುದಿಲ್ಲ, ಅದಕ್ಕೇ ಮನೆಯೊಳಗೆ ಇಟ್ಟುಕೊಳ್ಳಬಹುದು ಎಂದೂ ಹೇಳಿದರು.

ನಾನು ಎದ್ದು ನಿಂತೆ. "ಹಂಗಾದ್ರೆ ನಮ್ಮವ್ವ ಹಚ್ಚಿದ ದೀಪ ಯಾಕೆ ಸಿಡೀತು ಸಾರ್?" ಎಂದು ಕೇಳಿದೆ. ಹುಡುಗರು ನಕ್ಕರು. ಉರಿಯುವ ದೀಪಕ್ಕೆ ಎಣ್ಣೆ ಹೊಯ್ದ ಕತೆ ಅವರಿಗೂ ಬಾಯಿಪಾಠವಾಗಿತ್ತು. ಮೇಷ್ಟ್ರು ನಗಲಿಲ್ಲ. ಗಂಟೆ ಹೊಡೆದ ಮೇಲೆ ನನ್ನನ್ನು ಕರೆದರು. "ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲ್ ಸೇರಿದ್ರೂ ಹಾಗಾಗುತ್ತೆ ಕಣಮ್ಮ. ಆವತ್ತಿನ ಎಣ್ಣೆ ಏನಾದ್ರೂ ಉಳಿದಿದ್ಯಾ? ಯಾರ ಅಂಗಡೀದು?" ಎಣ್ಣೆ ಡಬ್ಬದಲ್ಲಿ ಉಳಿದಿದೆ ಎಂದೆ, ಅಂಗಡಿ ಯಾವುದೆಂದೂ ಹೇಳಿದೆ. ಅವರ ಮುಖ ಸಪ್ಪೆಯಾಯಿತು. ಆ ಅಂಗಡಿಯ ಮೇಲಿನ ಕೋಣೆಯಲ್ಲೇ ಅವರು ಬಾಡಿಗೆಗಿದ್ದರು. "ಒಂದು ತಟ್ಟೇಲಿ ಆವತ್ತಿನ ಎಣ್ಣೆ, ಇನ್ನೊಂದ್ರಲ್ಲಿ ಈಗಿನ ಎಣ್ಣೆ ಹಾಕು, ಕಡ್ಡಿ ತೋರಿಸು, ದೂರ ನಿಂತ್ಕೊ. ನನ್ನ ಹೆಸರು ಮಾತ್ರ ಎಲ್ಲೂ ಹೇಳ್ಬೇಡ," ಎಂದು ಹೊರಟುಹೋದರು. ಗೋಪುರದ ಅಂತಸ್ತು ಅಂತಸ್ತೂ ಬಲ್ಲ ಮನುಷ್ಯನಿಗೆ ಒಂದು ಮಹಡಿ ಇಳಿದುಬಂದು ಒಂದು ಮಾತು ಹೇಳುವ ಧೈರ್ಯವಿರಲಿಲ್ಲ.

ನಾನು ಮನೆಗೆ ಹೋಗಲಿಲ್ಲ, ನೆಟ್ಟಗೆ ಅಂಗಡಿಗೆ ಹೋದೆ. ಅಲ್ಲಿ ಪೆಟ್ರೋಲಿನ ಪೀಪಾಯಿ, ಸೀಮೆಎಣ್ಣೆಯ ಪೀಪಾಯಿ ಎರಡನ್ನೂ ಅಕ್ಕಪಕ್ಕ ಕಂಡಿದ್ದೆ. ಅಪ್ಪ ಜಗುಲಿಯಲ್ಲಿದ್ದರು. ಅವರ ಮುಂದೆಯೇ ಕೇಳಿದೆ. "ಸಾವ್ಕಾರ್ರೇ, ದೀಪಾವಳಿ ಹೊತ್ತಿನಾಗೆ ಸೀಮೆಎಣ್ಣೆ ಯಾವ ಪೀಪಾಯಿಗೆ ಹಾಕಿದ್ರಿ?"

ಆ ಮನುಷ್ಯ ಮುಚ್ಚುಮರೆಯನ್ನೂ ಮಾಡಲಿಲ್ಲ. ಆ ಕಾಲಕ್ಕೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಜನರಿಗೂ ಜ್ವರ ಬರುತ್ತಿತ್ತು. ಡಾಕ್ಟರುಗಳ ಜೀಪು ಸೊರಬದ ಮೇಲೆ ಓಡಾಡತೊಡಗಿದ್ದರಿಂದ ಸಾಹುಕಾರರು ಪೆಟ್ರೋಲನ್ನೂ ತರಿಸಿಡುತ್ತಿದ್ದರು. "ಪೆಟ್ರೋಲಿನ ಪೀಪಾಯಿ ಖಾಲಿ ಆಗಿತ್ತು, ಅದಕ್ಕೇ ಹಾಕಿಸ್ದೆ. ತಳದಾಗೆ ಒಂಚೂರು ಉಳಿದಿತ್ತೇನೋ. ಅದಕ್ಕೇನೀಗ?" ಎಂದರು.

"ತೊಳೀಲಿಲ್ವಾ?"

"ಎಣ್ಣೆ ಪೀಪಾಯಿ ಯಾರಾದ್ರೂ ತೊಳೀತಾರೇನೇ ಹುಡುಗಿ? ಎಲ್ಲಾ ಒಂದೇ ನೆಲದಿಂದ ಬರೋದು. ಎಣ್ಣೆ ಎಣ್ಣೇನೇ."

ನನಗೆ ಮೈಯೆಲ್ಲ ಉರಿದುಹೋಯಿತು. ಹೌದು, ಒಂದೇ ನೆಲದಿಂದ ಬರುತ್ತದೆ. ಅದಕ್ಕೇ ತಾನೇ ಸಮುದ್ರದಂಚಿನಲ್ಲಿ ಗೋಪುರ ಕಟ್ಟಿ, ಹಗಲೂ ರಾತ್ರಿ ಕುಲುಮೆ ಉರಿಸಿ, ಸಾವಿರಾರು ಜನ ಬೆವರು ಸುರಿಸಿ ಬೇರೆ ಮಾಡುವುದು? ಅಷ್ಟೆಲ್ಲ ಬೇರೆ ಮಾಡಿ, ರೈಲು ಹತ್ತಿಸಿ, ಶಿವಮೊಗ್ಗದಲ್ಲಿ ಇಳಿಸಿ, ಲಾರಿಯಲ್ಲಿ ಸೊರಬಕ್ಕೆ ತಂದರೆ, ಈ ಮಹಾನುಭಾವ ಒಂದು ಲಾಳಿಕೆ ಇಟ್ಟು ಎರಡನ್ನೂ ಮತ್ತೆ ಸೇರಿಸಿಬಿಟ್ಟ. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಅಪ್ಪ ಪೇಪರು ಮಡಚಿ, "ಮನೆಗೆ ನಡಿ," ಎಂದರು. ಅವರ ಕಿವಿ ಕೆಂಪಾಗಿತ್ತು. ಸಾಹುಕಾರರ ಮಾತು ಅವರಿಗೆ ಸರಿಯಾಗಿಯೇ ಕೇಳಿಸಿತ್ತು.

ಮಾರನೆಯ ದಿನ ಭಾನುವಾರ. ಅನಿಷ್ಟವೆಂದು ಅಜ್ಜಿ ಹಿತ್ತಿಲ ಕಟ್ಟಿಗೆರಾಶಿಯ ಹಿಂದೆ ಇಡಿಸಿದ್ದ ಹಳೆಯ ಡಬ್ಬದಲ್ಲಿ ಆವತ್ತಿನ ಎಣ್ಣೆ ಮುಕ್ಕಾಲು ಪಾಲು ಹಾಗೇ ಇತ್ತು, ಮುಚ್ಚಳವೂ ಬಿಗಿಯಾಗಿತ್ತು. ಬೆಳಿಗ್ಗೆ ಅಂಗಳದ ನೆರಳಿನಲ್ಲಿ ಎರಡು ಮಣ್ಣಿನ ತಟ್ಟೆ ದೂರ ದೂರ ಇಟ್ಟೆ. ಒಂದಕ್ಕೆ ಈಗ ಉರಿಸುವ ಎಣ್ಣೆ, ಇನ್ನೊಂದಕ್ಕೆ ಆ ಡಬ್ಬದ್ದು, ಎರಡೆರಡು ಚಮಚ. ಅಪ್ಪ, ಅಜ್ಜಿ, ಅವ್ವ ಮೂವರನ್ನೂ ಕರೆದೆ. ಬಿದಿರುಕಡ್ಡಿಯ ತುದಿಗೆ ಬೆಂಕಿ ಹಚ್ಚಿ ಮೊದಲ ತಟ್ಟೆಗೆ ತೋರಿಸಿದೆ. ಏನೂ ಆಗಲಿಲ್ಲ. ಎರಡನೆಯದರ ಹತ್ತಿರ ಒಯ್ಯುತ್ತಿದ್ದಂತೆ, ಇನ್ನೂ ಮುಟ್ಟಿಸುವ ಮೊದಲೇ, ಬೆಂಕಿ ಭಗ್ಗನೆ ಎದ್ದಿತು. ಅಜ್ಜಿ ಹಿಂದಕ್ಕೆ ಸರಿದರು. ಪೀಪಾಯಿಯ ವಿಷಯವನ್ನೂ ನಾನು ಬಿಡಿಸಿ ಹೇಳಿದೆ.

ಬೆಂಕಿ ಆರುವವರೆಗೂ ಅವ್ವ ಆ ತಟ್ಟೆಯನ್ನೇ ನೋಡುತ್ತಾ ನಿಂತಿದ್ದಳು. ಅಜ್ಜಿ ಒಳಗೆ ಹೋದರು. ಅಪ್ಪ, "ಆಯ್ತಲ್ಲ, ಗೊತ್ತಾಯ್ತಲ್ಲ, ಇನ್ನು ಬಿಡಿ ಅದನ್ನ," ಎಂದರು.

"ಬಿಡೋದಾ?" ಅವ್ವ ತಲೆ ಎತ್ತಿದಳು. "ನಾನು ಉರಿಯೋ ದೀಪಕ್ಕ ಎಣ್ಣಿ ಹೊಯ್ದೆ ಅಂತ ಮನಿಮನಿಗೆ ಹೋಗಿ ಹೇಳಿದ್ರಲ್ರೀ. ಈಗ ಹೊಯ್ದಿರಲಿಲ್ಲ ಅಂತ ಹಂಗೇ ಮನಿಮನಿಗೆ ಹೋಗಿ ಹೇಳಿಬರ್ರಿ."

"ಈಗ ಅದನ್ನೆಲ್ಲ ಯಾಕೆ ಕೆದಕ್ತೀಯ? ಯಾರು ಕೇಳ್ತಾ ಕೂತಿದಾರೆ?"

"ಆವಾಗ ಯಾರು ಕೇಳಿದ್ರು?"

ಅವಳು ಅಪ್ಪನ ಎದುರು ಹಾಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಅಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಮೆಟ್ಟಿಲಿಳಿದು ಹೋದರು. ಹೇಳಿಬರಲು ಹೊರಟರೆಂದು ಅವ್ವನ ಮುಖ ಅರಳಿತು. ಒಳಗೆ ಹೋಗಿ ಎಡಗೈಯಲ್ಲೇ ಕಷ್ಟಪಟ್ಟು ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟುಕೊಂಡಳು. ನಾನು ಅಪ್ಪನ ಹಿಂದೆ ಬೀದಿಯ ತಿರುವಿನವರೆಗೆ ಹೋಗಿ ನೋಡಿದೆ. ಅವರು ಯಾರ ಮನೆಯ ಮುಂದೂ ನಿಲ್ಲಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ, ಅದೇ ಅಂಗಡಿಯ ಜಗುಲಿ ಹತ್ತಿ, ಸಾಹುಕಾರರ ಕೈಯಿಂದ ಪೇಪರು ಇಸಿದುಕೊಂಡು ಕೂತರು.

ನಾನು ವಾಪಸು ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಮೊದಲು ಯಾರ ಮನಿಗೆ ಹೋದ್ರು?" ಎಂದು ಕೇಳಿದಳು.

"ಆ ಕಡೆ ಬೀದಿಯಿಂದ ಶುರು ಮಾಡಿದಾರೆ," ಎಂದೆ.

ಅಪ್ಪನ ಮೇಲೆ, ಸಾಹುಕಾರರ ಮೇಲೆ, ಮೇಷ್ಟರ ಮೇಲೆ ಇರುವಷ್ಟೇ ಸಿಟ್ಟು ಆ ಮಾತಿಗಾಗಿ ನನಗೆ ನನ್ನ ಮೇಲೂ ಇದೆ. ಅವ್ವ ಜಗುಲಿಗೆ ಚಾಪೆ ಹಾಸಿದಳು. ತಟ್ಟೆಯಲ್ಲಿ ಎಲೆ ಅಡಿಕೆ ಸುಣ್ಣ ಜೋಡಿಸಿಟ್ಟಳು. ಬೀದಿಯ ಹೆಂಗಸರು ಈಗ ಬಂದು ಮಾತಾಡಿಸುತ್ತಾರೆಂದು ಮಧ್ಯಾಹ್ನದ ತನಕ ಅಲ್ಲೇ ಕೂತಿದ್ದಳು.