ನಮ್ಮ ಅಂಗಡಿಯ ಟೀವಿ ಪ್ರಶಸ್ತಿಗಳು

ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಫೋನು ಟಿಣ್ ಎಂದಿತು. ಸ್ತ್ರೀಶಕ್ತಿ ಸಂಘದ ಗ್ರೂಪಿನಲ್ಲಿ ಯಾರೋ ಒಂದು ಲಿಂಕ್ ಹಾಕಿದ್ದರು. ‘ನಿಮ್ಮ ಮೆಚ್ಚಿನ ಅತ್ತೆ ಯಾರು? ಮೆಚ್ಚಿನ ಸೊಸೆ ಯಾರು? ಈಗಲೇ ವೋಟ್ ಮಾಡಿ.’ ಕೆಳಗೆ ಸಾಲಾಗಿ ಅತ್ತೆಯರ ಫೋಟೋಗಳು. ಒಬ್ಬೊಬ್ಬರೂ ಈಗಷ್ಟೇ ಯಾರದೋ ಹಾಲಿಗೆ ವಿಷ ಬೆರೆಸಿ ಬಂದವರ ಹಾಗೆ ನಗುತ್ತಿದ್ದರು. ವರ್ಷಕ್ಕೊಮ್ಮೆ ಚಾನೆಲ್ಲಿನವರಿಗೆ ಹೀಗೆ ಪ್ರಶಸ್ತಿಯ ಜ್ವರ ಬರುತ್ತದೆ. ತಮ್ಮ ಧಾರಾವಾಹಿಗೆ ತಾವೇ ಪ್ರಶಸ್ತಿ ಕೊಟ್ಟು, ತಾವೇ ಚಪ್ಪಾಳೆ ತಟ್ಟಿ, ತಾವೇ ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ಕೆಲಸ ಇಷ್ಟೇ, ವೋಟ್ ಹಾಕಿ ನೆಟ್ ಖಾಲಿ ಮಾಡಿಕೊಳ್ಳುವುದು.

ನಾನು ಹಾಕಲಿಲ್ಲ. ನನ್ನ ಪ್ರಶಸ್ತಿಗಳನ್ನು ನಾನೇ ಕೊಡುತ್ತೇನೆ. ಅದು ಹೇಗೆಂದು ಹೇಳುತ್ತೇನೆ, ಕೂತುಕೊಳ್ಳಿ.

ನನ್ನದು ಮೂಡಿಗೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಪಕ್ಕದ ಮಳಿಗೆ ಜುಬೇದಾಳದ್ದು. ದಾರ, ಹುಕ್ಕು, ಫಾಲ್ಸ್, ಲೈನಿಂಗ್ ಬಟ್ಟೆ ಮಾರುತ್ತಾಳೆ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಅವಳು ತನ್ನ ಸ್ಟೂಲನ್ನು ಎತ್ತಿಕೊಂಡು ನನ್ನಲ್ಲಿಗೆ ಬರುತ್ತಾಳೆ. ಗೋಡೆಯ ಮೇಲಿನ ಸಣ್ಣ ಟೀವಿಯಲ್ಲಿ ಹಿಂದಿನ ದಿನದ ಧಾರಾವಾಹಿಗಳು ಮತ್ತೆ ಬರುತ್ತವೆ. ಅವಳು ಬೈಯುತ್ತಾ ನೋಡುತ್ತಾಳೆ, ನಾನು ನೋಡುತ್ತಾ ಬೈಯುತ್ತೇನೆ. ಬೈಯದೆ ಕೂತರೆ ನನಗೆ ಹುಕ್ಕು ಹೊಲಿಯಲು ಕೈ ಓಡುವುದಿಲ್ಲ.

ನಮ್ಮ ಪ್ರಶಸ್ತಿಗಳು ಹುಟ್ಟಿದ್ದು ಆ ಬೈಗುಳದಲ್ಲೇ. ಉತ್ತಮ ನಿದ್ರೆ ಪ್ರಶಸ್ತಿ ಪ್ರತಿ ವರ್ಷ ಒಬ್ಬ ನಾಯಕಿಗೆ ಹೋಗುತ್ತದೆ. ಜರಿ ಸೀರೆ ಉಟ್ಟು, ಜುಮುಕಿ ಹಾಕಿಕೊಂಡು, ಮುಡಿ ತುಂಬ ಮಲ್ಲಿಗೆ ಮುಡಿದು ಮಲಗುತ್ತಾಳೆ. ಬೆಳಿಗ್ಗೆ ಎದ್ದರೆ ಒಂದು ನೆರಿಗೆಯೂ ಕದಲಿರುವುದಿಲ್ಲ. ಆ ಸೀರೆ ಉಟ್ಟು ನಮ್ಮೂರಿನ ಬಸ್ಸಿನಲ್ಲಿ ಗೋಣಿಬೀಡಿನವರೆಗೆ ಹೋಗಿಬರಲಿ, ನೋಡೋಣ. ಬಾಗಿಲ ಹಿಂದೆ ನಿಂತು ಕದ್ದು ಕೇಳುವುದಕ್ಕೊಂದು ಪ್ರಶಸ್ತಿ ಉಂಟು, ಅದಕ್ಕೆ ಪೈಪೋಟಿ ಜಾಸ್ತಿ. ಐದು ವರ್ಷದಿಂದ ಒಂದನೇ ಕ್ಲಾಸಿನಲ್ಲೇ ಕೂತಿರುವ ಒಂದು ಮಗುವಿಗೆ ಉತ್ತಮ ವಿದ್ಯಾರ್ಥಿ ಪ್ರಶಸ್ತಿ ಕೊಟ್ಟಿದ್ದೇವೆ. ಒಬ್ಬರು ಬೆಚ್ಚಿಬಿದ್ದರೆ ಮನೆಯವರೆಲ್ಲರ ಮುಖದ ಮೇಲೂ ಸಿಡಿಲು ಹೊಡೆಸುವ ಆ ಹಿನ್ನೆಲೆ ಸಂಗೀತದವನಿಗೆ ಜುಬೇದಾ ಪ್ರಶಸ್ತಿಯ ಜೊತೆಗೆ ನೋವಿನ ಎಣ್ಣೆಯನ್ನೂ ಕೊಡಬೇಕು ಎನ್ನುತ್ತಾಳೆ. ಪಾಪ, ಅವನ ಕೈ ಎಷ್ಟು ನೋಯುತ್ತದೋ.

ಕಾಫಿ ತೋಟದ ನಾಯಕನದಂತೂ ಬೇರೆಯೇ ವರ್ಗ. ಸಾವಿರ ಎಕರೆಯ ಎಸ್ಟೇಟಿನ ಒಡೆಯ, ಬಿಳಿ ಶೂ ಹಾಕಿಕೊಂಡು ತೋಟ ಸುತ್ತುತ್ತಾನೆ. ಒಂದು ಜಿಗಣೆಗೂ ಅವನ ಮೇಲೆ ಮನಸ್ಸಾಗುವುದಿಲ್ಲ. ಅವನ ತೋಟದ ಆಳುಗಳು ಹಣ್ಣಾಗದ ಹಸಿರು ಕಾಯನ್ನೇ ಕಿತ್ತು ಬುಟ್ಟಿಗೆ ಹಾಕುತ್ತಾ ಕುಣಿಯುತ್ತಾರೆ. ನಮ್ಮ ಕಡೆಯ ಮೇಸ್ತ್ರಿಯ ಕಣ್ಣಿಗೆ ಬಿದ್ದಿದ್ದರೆ ಕುಣಿತ ಅಲ್ಲಿಗೇ ನಿಲ್ಲುತ್ತಿತ್ತು.

ಇಷ್ಟೆಲ್ಲ ಹಂಗಿಸಿ, ಮರುದಿನ ಅದೇ ನಾಯಕಿಯ ಬೆನ್ನಿನ ಡಿಸೈನನ್ನು ನಾನೇ ಕದಿಯುತ್ತೇನೆ. ‘ಅವಳ ಥರದ್ದೇ ಬ್ಲೌಸ್ ಬೇಕು ಅಕ್ಕಾ’ ಎಂದು ಬರುವ ಹುಡುಗಿಯರಿಂದಲೇ ನನ್ನ ಮನೆಯ ಒಲೆ ಉರಿಯುತ್ತದೆ. ನನ್ನ ತಿರಸ್ಕಾರಕ್ಕೂ ಒಂದು ಅಳತೆ ಉಂಟು ನೋಡಿ.

ಆದರೆ ಒಂದು ಕಾಲಕ್ಕೆ ನಮ್ಮಲ್ಲಿ ಒಂದು ಮರ್ಯಾದೆಯ ಪ್ರಶಸ್ತಿಯೂ ಇತ್ತು. ಮಾಮೂಲಿ ಜನ ಬಂದು ಹಾಡುವ, ಅಡಿಗೆ ಮಾಡುವ ಕಾರ್ಯಕ್ರಮಗಳಿಗೆ ಅದನ್ನು ಕೊಡುತ್ತಿದ್ದೆವು. ಅಲ್ಲಾದರೂ ಬರುವವರು ನಿಜವಾದ ಜನ, ಬರುವುದು ನಿಜವಾದ ಅಳು ಎಂದು ನಂಬಿದ್ದೆವು. ಅದನ್ನು ನಿಲ್ಲಿಸಿದ್ದು ಸುಜಾತಾಳ ವಿಷಯ ಆದಮೇಲೆ.

ಸುಜಾತಾ ಗೋಣಿಬೀಡಿನಲ್ಲಿ ಹೋಟೆಲ್ ನಡೆಸುವವಳು. ನಾಲ್ಕೇ ಮೇಜು. ಅವಳ ಅಕ್ಕಿ ರೊಟ್ಟಿ, ಎಳೆ ಬಿದಿರಿನ ಕಳಲೆ ಪಲ್ಯಕ್ಕಾಗಿ ಚಿಕ್ಕಮಗಳೂರಿನ ಕಡೆಗೆ ಹೋಗುವವರೂ ಗಾಡಿ ನಿಲ್ಲಿಸುತ್ತಾರೆ. ಗಂಡ ಶೇಖರಣ್ಣನದು ಪಿಕಪ್ ಗಾಡಿ. ಎಸ್ಟೇಟುಗಳಿಂದ ಕಾಫಿ ಮೂಟೆ ಸಾಗಿಸುತ್ತಾನೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಕುಡಿತ ಮಾತ್ರ ಇಲ್ಲವೇ ಇಲ್ಲ. ಮದುವೆ ಮನೆಗಳಲ್ಲಿ ಗೆಳೆಯರು ಅವನನ್ನು ಜ್ಯೂಸ್ ಶೇಖರ ಎಂದೇ ಕರೆಯುತ್ತಿದ್ದರು.

ಆ ವರ್ಷ ಒಂದು ಚಾನೆಲ್ಲಿನ ಅಡಿಗೆ ಸ್ಪರ್ಧೆಗೆ ಸುಜಾತಾ ಆಯ್ಕೆಯಾದಳು. ಹೋಗುವ ಮೊದಲು ನನ್ನಲ್ಲಿಗೆ ಬಂದು ಹಸಿರು ಬಟ್ಟೆ ಕೊಟ್ಟಳು.

“ಜಾಸ್ತಿ ಜಗಮಗ ಬೇಡ ಮಾರಾಯ್ತಿ. ಆದ್ರೆ ನೋಡಿದವ್ರು, ಪರವಾಗಿಲ್ಲ, ಮೂಡಿಗೆರೆ ಕಡೆಯವ್ಳು ಅನ್ಬೇಕು.”

ತೋಳಿನ ಅಂಚಿಗೆ ಕಾಫಿ ಹೂವಿನ ಹಾಗೆ ಬಿಳಿ ದಾರದ ಸಣ್ಣ ಕಸೂತಿ ಹಾಕಿದೆ. ಅಷ್ಟು ಮನಸ್ಸಿಟ್ಟು ನಾನು ನನ್ನ ಮಗಳ ಮದುವೆಗೂ ಹೊಲಿದಿರಲಿಲ್ಲ.

ಕಂತು ಪ್ರಸಾರವಾದ ದಿನ ಜುಬೇದಾ, ನಾನು ಬೇಗ ಊಟ ಮುಗಿಸಿ ಟೀವಿಯ ಮುಂದೆ ಕೂತೆವು. ಸುಜಾತಾ ಬಂದಳು. ಮೈಮೇಲೆ ಮಾಸಿದ ಸೀರೆ, ಹೆಗಲು ಜಾರುವ ಯಾರದೋ ಬ್ಲೌಸು. ನಮ್ಮ ಹಸಿರು ಎಲ್ಲೂ ಇಲ್ಲ. ಆಮೇಲೆ ಅವಳು ಹೇಳಿದಳು, ಅಲ್ಲಿಯ ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟು ನೀಟಾಗಿದ್ರೆ ಕಷ್ಟ ಕಾಣಲ್ಲ ಮೇಡಂ” ಎಂದು ಬಟ್ಟೆ ಬದಲಿಸಿದಳಂತೆ.

ಪರದೆಯ ಮೇಲೆ ನಿರೂಪಕ ದನಿ ಇಳಿಸಿ, “ಗಂಡನ ಕುಡಿತದಿಂದ ನೊಂದ ಜೀವ” ಎಂದ. ಪಿಟೀಲು ಕೊಯ್ಯತೊಡಗಿತು. ಸುಜಾತಾ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ನಡುವೆ ಶೇಖರಣ್ಣನನ್ನು ತೋರಿಸಿದರು. ತಲೆ ತಗ್ಗಿಸಿ ಒಂದು ಕಟ್ಟೆಯ ಮೇಲೆ ಕೂತಿದ್ದಾನೆ, ಬೆನ್ನ ಹಿಂದೆ ವೈನ್ ಶಾಪಿನ ಬೋರ್ಡು.

“ಅಲ್ಲಾ, ಇದೆಂತದು!” ಎಂದು ಜುಬೇದಾ ಸ್ಟೂಲಿನಿಂದ ಎದ್ದೇಬಿಟ್ಟಳು.

ನಡೆದದ್ದು ಬೇರೆ. ಬೆಳಿಗ್ಗೆಯಿಂದ ನೀರೂ ಕೊಡದೆ ನಿಲ್ಲಿಸಿ, ತೀರಿಕೊಂಡ ತಾಯಿಯ ಬಗ್ಗೆ ಕೆದಕಿ ಕೆದಕಿ ಕೇಳಿದ್ದರು. ಅವಳು ಅತ್ತದ್ದು ಅಮ್ಮನಿಗಾಗಿ. ಆ ಪ್ರಶ್ನೆಯನ್ನು ಕತ್ತರಿಸಿ, ಅಳುವಿಗೆ ಬೇರೆ ಪ್ರಶ್ನೆ ಅಂಟಿಸಿದ್ದರು. ಅದಕ್ಕೂ ಮೊದಲು ಗೋಣಿಬೀಡಿಗೆ ಬಂದಿದ್ದ ಕ್ಯಾಮೆರಾದವರು ಶೇಖರಣ್ಣನಿಗೆ, “ಆ ಕಟ್ಟೆ ಮೇಲೆ ಕೂತು ಸುಮ್ನೆ ಏನಾದ್ರೂ ಯೋಚ್ನೆ ಮಾಡಿ ಸರ್” ಎಂದಿದ್ದರು. ಅವನು ಮರ್ಯಾದೆಯಿಂದ ಕೂತು ಗಾಡಿಯ ಹಿಂದಿನ ಟಯರಿನ ಬಗ್ಗೆ ಯೋಚಿಸಿದ್ದ. ಬೋರ್ಡು ಬೆನ್ನ ಹಿಂದಿತ್ತು, ಅವನಿಗೆ ಹೇಗೆ ಕಾಣಬೇಕು?

ನಮಗೆ ಧಾರಾವಾಹಿಯ ಮೇಲೆ ಇದ್ದದ್ದು ಬರೀ ತಮಾಷೆಯ ಹೇಸಿಗೆ. ಆ ದಿನ ಅದು ನಿಜವಾದ ಹೇಸಿಗೆಯಾಯಿತು.

ಊರು ಟೀವಿಯನ್ನು ನಂಬಿತು. ದಿನವೂ ಜೊತೆಗೆ ಕಾಫಿ ಕುಡಿಯುತ್ತಿದ್ದವರೂ ಶೇಖರಣ್ಣನ ಹತ್ತಿರ ಬಂದು ಗಾಳಿ ಮೂಸತೊಡಗಿದರು. ಸಂಘದಿಂದ ಇಬ್ಬರು ಹೆಂಗಸರು ಬಂದು, ಮದ್ಯವರ್ಜನ ಶಿಬಿರ ನಡೆಯುತ್ತದೆ, ಹೆಸರು ಬರೆಸಿ ಎಂದು ಬುದ್ಧಿ ಹೇಳಿಹೋದರು. ಅವನು ಅಷ್ಟು ವರ್ಷ ಮೂಟೆ ಸಾಗಿಸಿದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಎಲ್ಲೋ ನೋಡುತ್ತಾ, “ಸಾಹುಕಾರ್ರು ಬೇರೆ ಗಾಡಿ ಹೇಳಿದಾರೆ ಶೇಖರ” ಎಂದರು. ಇದೆಲ್ಲಕ್ಕಿಂತ ಕೆಟ್ಟದ್ದು ಮನೆಯೊಳಗಿನದು. “ನೀನೇ ಏನಾದ್ರೂ ಹೇಳಿರ್ತೀಯ. ಹೇಳ್ದೆ ಅವ್ರಿಗೆ ಹೇಗೆ ಹೊಳೀತದೆ?” ಎಂದು ಅವನು ಒಮ್ಮೆ ಕೇಳಿದನಂತೆ. ಅವಳು ಇಲ್ಲವೆಂದಳು. ಅವನು ಮತ್ತೆ ಕೇಳಲಿಲ್ಲ, ನಂಬಲೂ ಇಲ್ಲ. ಮೂಡಿಗೆರೆಗೆ ಸಾಮಾನು ತರಲು ಯಾವಾಗಲೂ ಅವನ ಗಾಡಿಯಲ್ಲೇ ಬರುತ್ತಿದ್ದವಳು ಬಸ್ಸಿನಲ್ಲಿ ಬರತೊಡಗಿದಳು.

ಹಾಗೆ ಬಂದವಳು ಒಂದು ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಕೂತಿದ್ದಾಗ ಚಾನೆಲ್ಲಿನಿಂದ ಫೋನು ಬಂತು. ನಮಗೂ ಕೇಳಲೆಂದು ಸ್ಪೀಕರ್ ಒತ್ತಿದಳು. ಜೇನಿನಲ್ಲಿ ಅದ್ದಿದಂಥ ಒಂದು ಹೆಣ್ಣುದನಿ.

“ಕಂಗ್ರಾಟ್ಸ್ ಮೇಡಂ! ನಿಮ್ಮ ಎಪಿಸೋಡು ವರ್ಷದ ಹೃದಯಸ್ಪರ್ಶಿ ಕ್ಷಣ ಪ್ರಶಸ್ತಿಗೆ ಸೆಲೆಕ್ಟ್ ಆಗಿದೆ. ನೀವು, ನಿಮ್ಮ ಹಸ್ಬೆಂಡು ಇಬ್ರೂ ಸ್ಟೇಜ್ ಮೇಲೆ ಬರ್ಬೇಕು. ಅವರು ನಿಮಗೊಂದು ಗುಲಾಬಿ ಕೊಟ್ಟು ಸಾರಿ ಕೇಳ್ತಾರೆ.”

“ಅವ್ರು ಕುಡಿಯಲ್ಲ ಕಣಮ್ಮ.”

“ಹೌದಾ? ಇನ್ನೂ ಒಳ್ಳೇದಾಯ್ತಲ್ಲ! ನಮ್ಮ ಶೋ ನೋಡಿ ಬಿಟ್ರು ಅಂತ ಹೇಳೋಣ ಮೇಡಂ.”

“ಬಿಡೋಕೆ ಮೊದ್ಲು ಹಿಡಿದಿರ್ಬೇಕಲ್ಲ. ಅವ್ರು ಯಾವತ್ತೂ ಕುಡಿದಿಲ್ಲ. ನಾನು ಹಾಗೆ ಹೇಳಿಯೂ ಇಲ್ಲ. ನಾನು ಅತ್ತಿದ್ದು ನಮ್ಮಮ್ಮಂಗೆ, ನಿಮ್ಗೂ ಗೊತ್ತುಂಟು.”

“ಮೇಡಂ, ಅದೆಲ್ಲ ಎಡಿಟಿಂಗು. ನೀವು ನೆಗೆಟಿವ್ ಆಗಿ ತಗೋಬೇಡಿ.”

ಸುಜಾತಾ ರೊಟ್ಟಿ ತಟ್ಟುವಾಗಿನ ಅದೇ ನಿಧಾನದಲ್ಲಿ ಹೇಳಿದಳು. “ಬರ್ತೀನಿ. ನನ್ನ ಗಂಡನ್ನೂ ಕರ್ಕೊಂಡು ಬರ್ತೀನಿ. ಗುಲಾಬಿ ನಿಮ್ಮ ನಿರೂಪಕ್ರ ಕೈಗೆ ಕೊಡಿ. ಅವ್ರು ನನ್ನ ಗಂಡನ ಹತ್ರ ಸಾರಿ ಕೇಳ್ಲಿ. ಆಮೇಲೆ ಮೈಕು ನಂಗೆ ಕೊಡಿ, ನಡೆದದ್ದು ನಾನೇ ಹೇಳ್ತೀನಿ.”

ಜೇನು ಅಲ್ಲಿಗೇ ಗಟ್ಟಿಯಾಯಿತು. “ಸರ್ ಹತ್ರ ಕೇಳಿ ಕಾಲ್ ಮಾಡ್ತೀನಿ” ಎಂದು ಫೋನಿಟ್ಟವಳು ಮತ್ತೆ ಮಾಡಲಿಲ್ಲ.

ಜುಬೇದಾ ನನ್ನ ಮೊಣಕೈ ಚಿವುಟಿದಾಗಲೇ ನಾನು ಬಾಗಿಲ ಕಡೆ ನೋಡಿದ್ದು. ಶೇಖರಣ್ಣ ಹೊಸ್ತಿಲ ಆಚೆ ನಿಂತಿದ್ದ. ಅದೇ ರಸ್ತೆಯಲ್ಲಿದ್ದ ಜುಬೇದಾಳ ಗಂಡನ ಗ್ಯಾರೇಜಿಗೆ ಗಾಡಿ ತಂದವನು, ಹೆಂಡತಿಯ ದನಿ ಕೇಳಿ ಅಲ್ಲೇ ನಿಂತಿದ್ದನಂತೆ. ಎಲ್ಲವನ್ನೂ ಕೇಳಿದ್ದ. ಧಾರಾವಾಹಿಯಾಗಿದ್ದರೆ ಇಲ್ಲಿ ಅವನ ಮುಖವನ್ನು ಮೂರು ದಿಕ್ಕಿನಿಂದ ತೋರಿಸಿ, ಗುಡುಗಿಸಿ, ಮುಂದಿನ ವಾರಕ್ಕೆ ಎಳೆಯುತ್ತಿದ್ದರು. ಅವನು ಕೆಳಗಿದ್ದ ಅವಳ ಚೀಲಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

“ಬಾ, ಹೋಗಣ. ಗಾಡಿ ರಸ್ತೆಗೆ ಅಡ್ಡ ನಿಲ್ಸಿದೀನಿ.”

ಅವಳು ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಗಾಡಿ ಬಸ್ ಸ್ಟ್ಯಾಂಡ್ ದಾಟುವವರೆಗೆ ನಾವಿಬ್ಬರೂ ರಸ್ತೆಗೆ ಬಂದು ನೋಡುತ್ತಾ ನಿಂತೆವು. ಎರಡೂ ಅಂಗಡಿಗೆ ಬಂದ ಗಿರಾಕಿಗಳು ಕಾದು ಬೇಸತ್ತು ಹೋದರು.

ಪ್ರಶಸ್ತಿ ಸಮಾರಂಭ ಪ್ರಸಾರವಾದ ಸಂಜೆ ಸುಜಾತಾ ನಮ್ಮನ್ನು ಹೋಟೆಲಿಗೆ ಕರೆದಳು. ನೋಡಲೇಬಾರದು ಎಂದು ನಾನು, ನೋಡಿಯೇ ಬೈಯಬೇಕು ಎಂದು ಜುಬೇದಾ. ಹೋಗಿ ನೋಡಿದರೆ ಸುಜಾತಾ ಹಸಿರು ಬ್ಲೌಸು ತೊಟ್ಟು ಕಾವಲಿಯ ಮುಂದೆ ನಿಂತಿದ್ದಳು. ಮೇಜುಗಳೆಲ್ಲ ತುಂಬಿದ್ದವು. ಮೂಲೆಯ ಮೇಜಿನಲ್ಲಿ ಆ ಎಸ್ಟೇಟಿನ ರೈಟರೂ ರೊಟ್ಟಿ ತಿನ್ನುತ್ತಿದ್ದರು. ಗಾಡಿ ಬೇಡವಾದರೂ ಪಲ್ಯ ಬೇಕಲ್ಲ.

ಟೀವಿಯಲ್ಲಿ ಹೃದಯಸ್ಪರ್ಶಿ ಕ್ಷಣದ ಸರದಿ ಬಂತು. ನಿರೂಪಕ ಹೊಳೆಯುವ ಕೋಟಿನಲ್ಲಿ ಬಂದು ಎದೆಯ ಮೇಲೆ ಕೈಯಿಟ್ಟುಕೊಂಡ. “ಸುಜಾತಮ್ಮನವರಿಗೆ ಅನಾರೋಗ್ಯದ ಕಾರಣ ಬರಲಾಗಿಲ್ಲ. ಅವರ ಕಣ್ಣೀರನ್ನು ನಾನು ಸ್ವೀಕರಿಸುತ್ತಿದ್ದೇನೆ.” ಮುಂದಿನ ಸಾಲಿನಲ್ಲಿ ನಮ್ಮ ಉತ್ತಮ ನಿದ್ರೆಯ ನಾಯಕಿ, ಕಾಡಿಗೆ ಕದಡದ ಹಾಗೆ ಬೆರಳ ತುದಿಯಲ್ಲಿ ಕಣ್ಣೊತ್ತಿಕೊಂಡಳು.

“ನಿಂಗೆ ಎಂತ ಕಾಯಿಲೆಯೇ?” ಎಂದಳು ಜುಬೇದಾ.

“ನಂಗೇ ಗೊತ್ತಿಲ್ಲ” ಎಂದು ಸುಜಾತಾ ರೊಟ್ಟಿ ಮಗುಚಿದಳು.

ಹೋಟೆಲಿನಲ್ಲಿ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ತಟ್ಟೆಯ ಮೇಲೆ. ಆಗ, ನೀರಿನ ಜಗ್ ಹಿಡಿದು ಮೇಜುಗಳ ನಡುವೆ ಓಡಾಡುತ್ತಿದ್ದ ಶೇಖರಣ್ಣ ನಿಂತ. ಟೀವಿಯನ್ನು ನೋಡುತ್ತಲೇ ಹೇಳಿದ.

“ಆ ಪ್ರಶಸ್ತಿ ನಂಗೆ ಬರ್ಬೇಕಿತ್ತು ಮಾರಾಯ್ರೇ. ಒಂದು ತೊಟ್ಟೂ ಕುಡೀದೆ ಇಡೀ ರಾಜ್ಯಕ್ಕೆ ಕುಡುಕ ಅಂತ ನಂಬಿಸಿದೀನಿ. ಇವ್ರಲ್ಲಿ ಯಾರು ಮಾಡ್ತಾರೆ ಇಂಥ ಆ್ಯಕ್ಟಿಂಗು?”

ಮೊದಲು ನಕ್ಕವಳು ಸುಜಾತಾ. ಸೌಟು ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು, ಬಗ್ಗಿ ಬಗ್ಗಿ ನಕ್ಕಳು. ಆಮೇಲೆ ನಾಲ್ಕೂ ಮೇಜು ನಕ್ಕವು. ರೈಟರು ಮಾತ್ರ ಪಲ್ಯದಲ್ಲಿ ಏನನ್ನೋ ಹುಡುಕುತ್ತಿದ್ದರು. ಶೇಖರಣ್ಣ ಅವರ ಲೋಟಕ್ಕೆ ಬಗ್ಗಿ ನೀರು ಬಿಟ್ಟ, ಬೇಕೆಂದೇ ಬಾಯಿ ಹತ್ತಿರ ತಂದು, “ಮೂಸಿ ನೋಡಿ ರೈಟ್ರೇ” ಎಂದ. ಅವರ ಕಿವಿ ಕೆಂಪಾದವು. ಮುಂದಿನ ಕುಯ್ಲಿನ ಹೊತ್ತಿಗೆ ಆ ಎಸ್ಟೇಟಿನ ಮೂಟೆಗಳು ಮತ್ತೆ ಅವನ ಗಾಡಿ ಏರಿದವು. ಕ್ಷಮೆಯ ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆ ಅದು ಹಾಗೇ, ಕೆಲಸ ಕೊಟ್ಟರೆ ಕ್ಷಮೆ ಕೇಳಿದ ಹಾಗೆ.

ಆ ವರ್ಷದಿಂದ ನಮ್ಮ ಮರ್ಯಾದೆಯ ಪ್ರಶಸ್ತಿ ರದ್ದಾಯಿತು. ಸುಳ್ಳು ಸುಳ್ಳೇ ಅಳುವ ಧಾರಾವಾಹಿಯವರೇ ವಾಸಿ ಎನ್ನಿಸಿತು. ಅವರು ಅಳುವುದು ಸ್ವಂತ ಗ್ಲಿಸರಿನ್ನಿನಲ್ಲಿ.

ಈ ಮಧ್ಯಾಹ್ನ ಕಳಸದ ಕಡೆಯಿಂದ ಒಬ್ಬಳು ಹುಡುಗಿ ಬಂದಳು. ಹಾಡಿನ ಸ್ಪರ್ಧೆಗೆ ಆಯ್ಕೆಯಾಗಿದ್ದಾಳಂತೆ, ಬ್ಲೌಸು ಬೇಕಂತೆ. ಟೇಪು ಕೆಳಗಿಟ್ಟು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಸುಜಾತಾಳ ಕಥೆಯನ್ನೆಲ್ಲ ಹೇಳಿದೆ. ಮನೆಯ ಕಷ್ಟ ಏನೆಂದು ಕೇಳಿದರೆ ಏನೂ ಇಲ್ಲ ಎಂದುಬಿಡು ಎಂದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು.

“ಅಕ್ಕಾ, ಕಷ್ಟ ಇಲ್ಲಾಂದ್ರೆ ಸೆಲೆಕ್ಟೇ ಮಾಡಲ್ಲ. ಅಪ್ಪಂಗೆ ದೊಡ್ಡ ಕಾಯಿಲೆ ಅಂತ ಆಗ್ಲೇ ಹೇಳಿದೀನಿ.”

“ಅಯ್ಯೋ! ನಿಮ್ಮಪ್ಪಂಗೆ ಇದು ಗೊತ್ತಾದ್ರೆ?”

“ಅವ್ರೇ ಹೇಳ್ಕೊಟ್ಟಿದ್ದು. ಹೊರಗೆ ಜೀಪಲ್ಲಿದಾರೆ.”

ಬಗ್ಗಿ ನೋಡಿದೆ. ಜೀಪಿನಲ್ಲಿ ಕಲ್ಲುಗುಂಡಿನಂಥ ಗಂಡಸೊಬ್ಬ ಕೂತು ಬಿಸಿ ಬಿಸಿ ಬೋಂಡಾ ತಿನ್ನುತ್ತಿದ್ದ. ನಾನು ನೋಡಿದ್ದನ್ನು ಕಂಡವನೇ ಬೋಂಡಾವನ್ನು ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು, ನಾಲ್ಕು ಸಲ ಕೆಮ್ಮಿ ತೋರಿಸಿದ.

ಜುಬೇದಾ ನನ್ನ ಮುಖ ನೋಡಿದಳು. ಇಷ್ಟು ವರ್ಷ ಚಾನೆಲ್ಲಿನವರಿಗೇ ಎಂದು ಕೂಡಿಟ್ಟುಕೊಂಡಿದ್ದ ಬೈಗುಳವನ್ನು ಈಗ ಯಾರ ಮೇಲೆ ಹಾಕುವುದೋ ತಿಳಿಯಲಿಲ್ಲ. ಟೇಪು ಎತ್ತಿಕೊಂಡೆ.

“ತೋಳು ಎಷ್ಟುದ್ದ ಇಡ್ಲಿ?” ಎಂದೆ.

“ಹೆಂಗಾದ್ರೂ ಇಡಿ ಅಕ್ಕಾ” ಎಂದಳು ಹುಡುಗಿ. “ಸ್ವಲ್ಪ ಹಳೇದರ ಥರ ಕಾಣ್ಬೇಕು, ಅಷ್ಟೇ.”