ಬಸ್ಸಿನಲ್ಲಿ ಕಳಿಸಿದ ಮಲ್ಲಿಗೆ ದಂಡಿ

ಸಂಜೆ ಅಣ್ಣಿಗೇರಿ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ನನ್ನ ಖಾಲಿ ಬುಟ್ಟಿ ಕೊಟ್ಟು ತಲೆ ತಗ್ಗಿಸಿದ. ನವಲಗುಂದದಲ್ಲಿ ಅಂದು ತಂಗಿಯ ಕುಬಸ, ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಹೂ ಮುಡಿಸುವ ದಿನ. ಶಾಲೆಯಲ್ಲಿ ರಜೆ ಸಿಗದೆ, ಅವಳ ಮುಡಿಗೆಂದು ನಾನೇ ಕಟ್ಟಿದ ಮಲ್ಲಿಗೆ ದಂಡಿಯನ್ನು ಬೆಳಗಿನ ಬಸ್ಸಿಗೆ ಅವನ ಕೈಲಿ ಕಳಿಸಿದ್ದೆ.

“ಯಾಕಪಾ, ಮುಟ್ಟಿಸ್ಲಿಲ್ಲೇನು?” ಎಂದೆ.

“ಮುಟ್ಟಿಸೇನ್ರಿ ಅಕ್ಕಾರ. ನಿಮ್ಮ ತಂಗಿಗೇ ಮುಡಿಸಿದ್ರು. ಆದ್ರ ಕುಬಸಕ್ಕಲ್ರಿ... ನಸುಕಿನ್ಯಾಗ ಫಿಟ್ಸ್ ಬಂದು ಹೋಗಿಬಿಟ್ರಂತ. ಮುತ್ತೈದಿ ಅಂತ ಹೂ ಮುಡಿಸಿ, ಮಣ್ಣಿಗೆ ಒಯ್ಯಾಕ ಕೂಡ್ಸಿದ್ರು.”

ತಂತಿ ಬಂದದ್ದು ಮರುದಿನ.

ಆಮೇಲೆ ಯಾರ ಕುಬಸಕ್ಕೂ ನಾನು ಹೂ ಕಟ್ಟಿಲ್ಲ. ದಾರಿಯಲ್ಲಿ ಬಾಡಬಾರದೆಂದು ಅಂದು ದಂಡಿಗೆ ಒದ್ದೆ ಬಟ್ಟೆ ಸುತ್ತಿದ್ದೆ. ಮಣ್ಣು ಮಾಡುವಾಗಲೂ ಅದು ಬಾಡಿರಲಿಲ್ಲವಂತೆ.